ಮೂರು ಲಿವರಿನ ಜೀಪು

ವಿಮಾನಪುರದ ನಿವಾಸಿಗಳ ಕಿವಿಗೆ ವಿಶ್ರಾಂತಿಯೆಂಬುದು ಎಂದೂ ಇದ್ದುದಿಲ್ಲ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಬೆಂಬಲದಿಂದ ಇಲ್ಲಿ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದಂದಿನಿಂದ ಇಲ್ಲಿಯ ಆಕಾಶ ಸುಮ್ಮನಿದ್ದದ್ದು ಅಪರೂಪ. 2008ರ ಮೇ ತಿಂಗಳಲ್ಲಿ ಪ್ರಯಾಣಿಕರ ವಿಮಾನಗಳು ದೇವನಹಳ್ಳಿಗೆ ವಲಸೆ ಹೋದಾಗ, ಇನ್ನಾದರೂ ಮಧ್ಯಾಹ್ನದ ನಿದ್ದೆಗೆ ಭಂಗವಿಲ್ಲವೆಂದು ಕೆಲವರು ಸಂತೋಷಪಟ್ಟರು. ಆದರೆ ಕಾರ್ಖಾನೆಯ ಯುದ್ಧವಿಮಾನಗಳೂ ಹೆಲಿಕಾಪ್ಟರುಗಳೂ ಎಲ್ಲಿಗೂ ಹೋಗಲಿಲ್ಲ. ಇಲ್ಲಿ ಹುಟ್ಟಿದ ಮಕ್ಕಳು ಮೇಲೆ ಹಾರುತ್ತಿರುವುದು ಯಾವುದೆಂದು ತಲೆಯೆತ್ತಿ ನೋಡದೆಯೇ ಹೇಳಬಲ್ಲರು.

ರಾಯರು ಇಂತಹ ಕಿವಿಯುಳ್ಳವರಲ್ಲಿ ಅಗ್ರಗಣ್ಯರು. ಕಾರ್ಖಾನೆ ಹುಟ್ಟಿದ ವರ್ಷವೇ ಅವರೂ ಹುಟ್ಟಿದವರು. 1958ರಲ್ಲಿ ಅಪ್ರೆಂಟಿಸ್ ಆಗಿ ಗೇಟಿನೊಳಗೆ ಹೋಗಿ, 1998ರಲ್ಲಿ ಫೋರ್‌ಮನ್ನರಾಗಿ ಹೊರಗೆ ಬಂದರು. ನಡುವಿನ ವರ್ಷಗಳಲ್ಲಿ ಬಹುಪಾಲನ್ನು ಹೆಲಿಕಾಪ್ಟರಿನ ಗೇರ್‌ಬಾಕ್ಸುಗಳ ಮುಂದೆ ಕಳೆದರು. ಹಲ್ಲಿಗೆ ಹಲ್ಲು ಸರಿಯಾಗಿ ಕೂಡಿದಾಗ ಬರುವ ಸದ್ದು ಯಾವುದು, ಕೂದಲೆಳೆಯಷ್ಟು ತಪ್ಪಿದಾಗ ಬರುವ ಸದ್ದು ಯಾವುದು ಎಂಬುದರಲ್ಲಿ ಅವರಿಗೆ ಸಂಗೀತ ವಿದ್ವಾಂಸರಿಗೆ ಶ್ರುತಿಯಲ್ಲಿರುವಷ್ಟು ಕಟ್ಟುನಿಟ್ಟು. ಮನೆಯ ಮಿಕ್ಸಿ ಕೆಡುವುದಕ್ಕೆ ಹದಿನೈದು ದಿನ ಮುಂಚೆಯೇ ಅವರು ಅದರ ಮರಣವನ್ನು ಘೋಷಿಸುತ್ತಿದ್ದರು.

ರಾಯರಿಗೆ ಒಂದು ಜೀಪಿತ್ತು. 1971ರಲ್ಲಿ ಹರಾಜಿನಲ್ಲಿ ಕೊಂಡದ್ದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯ ಈ ಕಾರ್ಖಾನೆಯನ್ನು ತನ್ನ ವಿಮಾನಗಳ ರಿಪೇರಿಗಾಗಿ ವಹಿಸಿಕೊಂಡಿದ್ದಾಗ, ಅದರೊಡನೆ ಬಂದಿದ್ದ ಜೀಪುಗಳನ್ನು ರಾಯರ ತಂದೆ ಕಣ್ಣಾರೆ ಕಂಡಿದ್ದರು. ಹಳ್ಳ ದಿಣ್ಣೆಯೆನ್ನದೆ ಆಡಿನಂತೆ ಹತ್ತಿಳಿಯುವ ಆ ಗಾಡಿಯನ್ನು ಅವರು ಮಗನಿಗೆ ಕಥೆಯಾಗಿ ಹೇಳಿದ್ದರು. ಯುದ್ಧ ಮುಗಿಯುವುದರೊಳಗೆ ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ತಯಾರಿಸಿದ್ದವು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮಹೀಂದ್ರ ಕಂಪನಿಯವರು ಮುಂಬಯಿಯಲ್ಲಿ ಅವನ್ನೇ ಜೋಡಿಸತೊಡಗಿದರು. ರಾಯರು ಕೊಂಡದ್ದು ಹಾಗೆ ಜೋಡಿಸಿದ ಒಂದನ್ನು. ಅದರ ಬಿಡಿಭಾಗಗಳಿಗಾಗಿ ಅವರು ಶಿವಾಜಿನಗರದ ಗುಜರಿ ಅಂಗಡಿಗಳನ್ನು ಸುತ್ತಿದಷ್ಟು, ದೇವಸ್ಥಾನಗಳನ್ನು ಸುತ್ತಿದ್ದರೆ ಪುಣ್ಯಕ್ಕೆ ಮಿತಿಯಿರುತ್ತಿರಲಿಲ್ಲವೆಂದು ಅವರ ಮಡದಿ ಹೇಳುವುದುಂಟು.

ಎಂಬತ್ತು ದಾಟಿ ಕಣ್ಣಿಗೆ ಪೊರೆಯ ಶಸ್ತ್ರಚಿಕಿತ್ಸೆಯಾದ ಮೇಲೆ ಮನೆಯವರೆಲ್ಲ ಒಂದಾಗಿ ರಾಯರಿಂದ ಬೀಗದ ಕೈಯನ್ನು ಇಸಿದುಕೊಂಡರು. ಜೀಪು ತಾರ್ಪಾಲಿನ ಕೆಳಗೆ ಸೇರಿತು. ಅದರ ಹಿಂದಿನ ಸೀಟಿನಲ್ಲಿ ಬೀದಿಯ ಬೆಕ್ಕು ಎರಡು ಸಲ ಮರಿ ಹಾಕಿತು. ಹೀಗಿರುವಲ್ಲಿ, ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದ ಮೊಮ್ಮಗ ಹೊಸದೊಂದು ನಾಲ್ಕು ಚಕ್ರ ಚಾಲನೆಯ ಗಾಡಿಯನ್ನು ಕೊಂಡು ತಂದ. ಮನೆಯ ಮುಂದೆ ಇದ್ದುದು ಒಂದೇ ಗಾಡಿಯ ಜಾಗ. ಶಿವಾಜಿನಗರದಿಂದಲೇ ಗುಜರಿಯವನೊಬ್ಬ ಬಂದು ಜೀಪಿನ ಸುತ್ತ ಎರಡು ಪ್ರದಕ್ಷಿಣೆ ಹಾಕಿ, ಐದು ಸಾವಿರ ರೂಪಾಯಿ ಮುಂಗಡ ಕೊಟ್ಟು, ಇನ್ನೊಂದು ವಾರದಲ್ಲಿ ಎಳೆದುಕೊಂಡು ಹೋಗುವೆನೆಂದು ಹೇಳಿ ಹೋದ. ರಾಯರು ಆಗ ಏನೂ ಹೇಳಲಿಲ್ಲ. ಪತ್ರಿಕೆಯನ್ನು ಎತ್ತಿ ಮುಖಕ್ಕೆ ಹಿಡಿದುಕೊಂಡರು. ಪತ್ರಿಕೆ ತಲೆಕೆಳಗಾಗಿತ್ತೆಂಬುದನ್ನು ಸೊಸೆ ಕಂಡಳು.

ಹೊಸ ಗಾಡಿಯ ಮೊದಲನೆಯ ಸಂಜೆಯೇ ಒಂದು ಪ್ರಸಂಗ ನಡೆಯಿತು. ಅದರಲ್ಲಿ ದೊಡ್ಡ ಗೇರು ಲಿವರಿನ ಪಕ್ಕದಲ್ಲಿ ಇನ್ನೊಂದು ಚಿಕ್ಕ ಲಿವರು. ಅದರ ತಲೆಯ ಮೇಲೆ 2 ಎಚ್, 4 ಎಚ್, ಎನ್, 4 ಎಲ್ ಎಂಬ ಗುರುತುಗಳು. ಮೊದಲನೆಯದರಲ್ಲಿ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಎಂಜಿನಿನ ಬಲ, ಎರಡನೆಯದರಲ್ಲಿ ನಾಲ್ಕಕ್ಕೂ, ಕೊನೆಯದರಲ್ಲಿ ನಾಲ್ಕಕ್ಕೂ ಬಲ, ಆದರೆ ವೇಗ ತಗ್ಗಿಸಿ ಎಳೆತ ಹೆಚ್ಚಿಸಿ. ನಡುವೆ ಇರುವ ಎನ್ ಎಂಬುದು ಯಾರಿಗೂ ಸೇರದ ಜಾಗ. ಮೊಮ್ಮಗ ಹಳೆಯ ವಿಮಾನನಿಲ್ದಾಣ ರಸ್ತೆಯಲ್ಲಿ ಹೋಗುತ್ತಿದ್ದಂತೆಯೇ, ಸ್ನೇಹಿತರೆದುರು ಜಂಬಕ್ಕಾಗಿ, ಲಿವರನ್ನು 4 ಎಚ್‌ಗೆ ಎಳೆದ. ಗಾಡಿ ನಿಲ್ಲಲೂ ಇಲ್ಲ, ಗೊಣಗಲೂ ಇಲ್ಲ. ಆದರೆ ಮನೆಯ ಗಲ್ಲಿಗೆ ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ಹೊರಳಿದಾಗ ಟೈರುಗಳು ಕಿರ್ರೆಂದವು. ಗೇಟಿನ ಮುಂದೆ ನಿಂತು ಲಿವರನ್ನು 2 ಎಚ್‌ಗೆ ತಳ್ಳಿದರೆ ಅದು ಅಲುಗಲಿಲ್ಲ. ಬೆವರಿದ; ಶೋರೂಮಿಗೆ ಫೋನು ಮಾಡಲು ಹೊರಟ.

ಜಗಲಿಯಲ್ಲಿದ್ದ ರಾಯರು ಕುಳಿತಲ್ಲಿಂದಲೇ ಹೇಳಿದರು: “ನೇರವಾಗಿ ಹತ್ತು ಗಜ ಹಿಂದಕ್ಕೆ ಹೋಗು. ಆಮೇಲೆ ತಳ್ಳು.”

ಹುಡುಗ ಹಾಗೆಯೇ ಮಾಡಿದ. ಲಿವರು ಬೆಣ್ಣೆಯಲ್ಲಿ ಕತ್ತಿ ಆಡಿದಂತೆ ಸರಿಯಿತು.

ಇದರಲ್ಲಿ ಮಂತ್ರವೇನೂ ಇಲ್ಲ. ಗಾಡಿ ತಿರುವಿನಲ್ಲಿ ಹೊರಳುವಾಗ ಮುಂದಿನ ಚಕ್ರಗಳು ದೊಡ್ಡ ವೃತ್ತದಲ್ಲಿಯೂ ಹಿಂದಿನವು ಚಿಕ್ಕ ವೃತ್ತದಲ್ಲಿಯೂ ಸಾಗುತ್ತವೆ. ಆದುದರಿಂದ ಮುಂದಿನವು ಹೆಚ್ಚು ಸುತ್ತು ಸುತ್ತಬೇಕು. ಇಂತಹ ಗಾಡಿಗಳಲ್ಲಿ 4 ಎಚ್ ಹಾಕಿದೊಡನೆ ಮುಂದಿನ ಶಾಫ್ಟನ್ನೂ ಹಿಂದಿನ ಶಾಫ್ಟನ್ನೂ ಗಂಟು ಹಾಕಿದಂತಾಗುತ್ತದೆ. ಇಬ್ಬರೂ ಒಂದೇ ವೇಗದಲ್ಲಿ ತಿರುಗಲೇಬೇಕು. ಕೆಸರಿನಲ್ಲೂ ಮರಳಿನಲ್ಲೂ ಚಕ್ರ ಸ್ವಲ್ಪ ಜಾರಿ ಈ ಜಗಳವನ್ನು ತೀರಿಸಿಕೊಳ್ಳುತ್ತದೆ. ಒಣಗಿದ ಡಾಂಬರು ಜಾರಗೊಡುವುದಿಲ್ಲ. ಬಟ್ಟೆ ಹಿಂಡಿದಂತೆ ಶಾಫ್ಟುಗಳಲ್ಲಿ ಬಿಗುವು ಸೇರಿ, ಹಲ್ಲುಗಳು ಒಂದನ್ನೊಂದು ಕಚ್ಚಿ ಹಿಡಿಯುತ್ತವೆ. ಹಿಂದಕ್ಕೆ ಹೋದರೆ ಹಿಂಡಿದ್ದು ಬಿಚ್ಚಿಕೊಳ್ಳುತ್ತದೆ, ಅಷ್ಟೆ.

ಮೊಮ್ಮಗನಿಗೆ ಆಶ್ಚರ್ಯವಾಯಿತಾದರೂ ಸೋಲೊಪ್ಪುವ ವಯಸ್ಸಲ್ಲ. “ಏನೇ ಹೇಳು ತಾತ, ನಿನ್ನ ಜೀಪಿನಲ್ಲಿ ಓಡ್ತಾ ಓಡ್ತಾ ನಾಲ್ಕು ಚಕ್ರಕ್ಕೆ ಹಾಕೋಕಾಗ್ತಿತ್ತಾ? ಇದರಲ್ಲಿ ಆಗುತ್ತೆ” ಎಂದ.

ರಾಯರು ನಕ್ಕರು. ಏಕೆಂದರೆ ಈ ವಿಷಯದಲ್ಲಿ ಪ್ರಗತಿಯೆಂಬುದು ಒಂದು ಸುತ್ತು ಹಾಕಿಕೊಂಡು ಹೊರಟಲ್ಲಿಗೇ ಬಂದು ನಿಂತಿದೆ. ಯುದ್ಧಕಾಲದ ಜೀಪಿನಲ್ಲಿ ಮೂರು ಲಿವರು: ಒಂದು ಗೇರಿಗೆ, ಒಂದು ಮುಂದಿನ ಚಕ್ರಗಳಿಗೆ ಬಲ ಕೂಡಿಸಲು, ಇನ್ನೊಂದು ವೇಗದ ಸಾಲೋ ಎಳೆತದ ಸಾಲೋ ಎಂದು ಆರಿಸಲು. ಬಲವಿರಲಿ ಇಲ್ಲದಿರಲಿ, ಅದರ ಮುಂದಿನ ಶಾಫ್ಟು ಚಕ್ರಗಳೊಡನೆ ಸದಾ ತಿರುಗುತ್ತಲೇ ಇರುತ್ತಿತ್ತು. ನೇರವಾದ ದಾರಿಯಲ್ಲಿ ಎರಡು ಶಾಫ್ಟುಗಳ ವೇಗವೂ ಒಂದೇ. ಕಾಲನ್ನು ಕೊಂಚ ಸಡಿಲಿಸಿ ಎರಡನೆಯ ಲಿವರನ್ನು ದೂಡಿದರೆ, ಓಡುವ ಗಾಡಿಯಲ್ಲಿಯೇ ಹಲ್ಲುಗಳು ಸದ್ದಿಲ್ಲದೆ ಕೂಡಿಕೊಳ್ಳುತ್ತಿದ್ದವು. ಆದರೆ ವೃಥಾ ತಿರುಗುವ ಶಾಫ್ಟಿನಿಂದ ಪೆಟ್ರೋಲು ದಂಡ, ಸದ್ದೂ ಹೆಚ್ಚು. ಇದನ್ನು ತಪ್ಪಿಸಲು 1948ರಲ್ಲಿ ಅಮೆರಿಕದ ವಾರ್ನ್ ಎಂಬ ಕಂಪನಿ, ಮುಂದಿನ ಚಕ್ರಗಳನ್ನು ಶಾಫ್ಟಿನಿಂದ ಬೇರ್ಪಡಿಸಬಲ್ಲ ಹಬ್ಬುಗಳನ್ನು ಜೀಪಿಗಾಗಿ ತಯಾರಿಸತೊಡಗಿತು. ಉಳಿತಾಯವೇನೋ ಆಯಿತು. ಆದರೆ ಹಬ್ಬು ಬಿಚ್ಚಿದಾಗ ಮುಂದಿನ ಶಾಫ್ಟು ನಿದ್ದೆಹೋಗುತ್ತದೆ. ಅದನ್ನು ಎಬ್ಬಿಸಬೇಕೆಂದರೆ ಗಾಡಿ ನಿಲ್ಲಿಸಿ, ಮಳೆಯಲ್ಲಿ ಇಳಿದು, ಕೆಸರಿನಲ್ಲಿ ಕುಳಿತು, ಎರಡು ಚಕ್ರಗಳ ನಡುಭಾಗವನ್ನೂ ಕೈಯಿಂದ ತಿರುಗಿಸಬೇಕು. ಈಚಿನ ಅನೇಕ ಗಾಡಿಗಳಲ್ಲಿ ಈ ಎಬ್ಬಿಸುವ ಕೆಲಸವನ್ನು ಗಾಡಿಯೇ ಮಾಡಿಕೊಳ್ಳುತ್ತದೆ. ಲಿವರು ಎಳೆದಾಗ ಒಂದು ಬಳೆ ಮೊದಲು ಉಜ್ಜಿ ಉಜ್ಜಿ ಮುಂದಿನ ಶಾಫ್ಟಿನ ವೇಗವನ್ನು ಹಿಂದಿನದಕ್ಕೆ ಸಮನಾಗಿಸುತ್ತದೆ. ಸಮವಾದ ಮೇಲೆಯೇ ಹಲ್ಲುಗಳು ಕೂಡುತ್ತವೆ. ಕೆಲವು ಗಾಡಿಗಳಲ್ಲಿ ಗಂಟೆಗೆ 100 ಕಿಲೋಮೀಟರಿನ ಒಳಗೆ ಯಾವ ವೇಗದಲ್ಲಾದರೂ ಹೀಗೆ ಮಾಡಬಹುದು. ಗೇರ್‌ಬಾಕ್ಸಿನಲ್ಲಿ ಈ ಉಪಾಯವನ್ನು 1928ರಲ್ಲಿಯೇ ಕ್ಯಾಡಿಲಾಕ್ ಕಾರಿನಲ್ಲಿ ತಂದಿದ್ದರು. ಸಿಂಕ್ರೋಮೆಷ್ ಎಂದು ಅದರ ಹೆಸರು.

“ಓಡುವ ಬಸ್ಸನ್ನು ಹತ್ತುವವನು ಏನು ಮಾಡ್ತಾನೆ?” ಎಂದು ರಾಯರು ಕೇಳಿದರು. “ಮೊದಲು ಬಸ್ಸಿನ ಜೊತೆಗೆ ಓಡ್ತಾನೆ. ಅದರ ವೇಗ ತನ್ನ ಕಾಲಿಗೆ ಬಂದ ಮೇಲೆ ಕಂಬಿ ಹಿಡೀತಾನೆ. ನಿಂತಲ್ಲಿಂದಲೇ ಕಂಬಿ ಹಿಡಿದರೆ ಭುಜ ಕಿತ್ತುಬರುತ್ತೆ. ಗೇರು ಎಂದರೆ ಇಷ್ಟೇ ಕಣೋ. ನಿನ್ನ ಗಾಡಿಯಲ್ಲಿ ಓಡೋದಕ್ಕೆ ಒಂದು ಬಳೆ ಇದೆ. ನಮಗೆ ಕಿವಿ ಇತ್ತು.”

ಹುಡುಗ ತಲೆಯಾಡಿಸಿದ. ಕೇಳಿಸಿಕೊಂಡನೋ ಇಲ್ಲವೋ ತಿಳಿಯದು, ಕೈಯಲ್ಲಿ ಫೋನಿತ್ತು.

ಆ ವಾರದ ಕೊನೆಯಲ್ಲಿ ಅಜ್ಜಿಯ ತವರಿಗೆ ಹೋಗಿಬರುವುದೆಂದು ನಿಶ್ಚಯವಾಯಿತು. ಮೂಡಿಗೆರೆಯ ಬಳಿ ಅವರ ಅಣ್ಣನ ಮಕ್ಕಳ ಕಾಫಿ ತೋಟ. ಹಾಸನ, ಬೇಲೂರು ದಾಟಿ ಮೂಡಿಗೆರೆಯವರೆಗೆ ದಾರಿ ಸುಗಮ. ಅಲ್ಲಿಂದ ತೋಟದ ಮನೆಗೆ ಹೋಗಲು ಮಾತ್ರ ಅರ್ಧ ಮೈಲಿ ಕೆಂಪು ಮಣ್ಣಿನ ಏರು. ಹಿಂದಿನ ರಾತ್ರಿ ಅಲ್ಲಿ ಮಳೆ ಹೊಡೆದಿತ್ತು. ಮೊಮ್ಮಗ ಸ್ಟಿಯರಿಂಗಿನ ಹಿಂದೆ, ರಾಯರು ಅವನ ಪಕ್ಕದಲ್ಲಿ, ಹಿಂದಿನ ಸೀಟಿನಲ್ಲಿ ಅಜ್ಜಿ, ಸೊಸೆ ಮತ್ತು ಎರಡು ಡಬ್ಬಿ ಕೋಡುಬಳೆ.

ಏರಿನ ಬುಡದಲ್ಲಿ ರಾಯರು, “ಇಲ್ಲಿ ನಿಲ್ಲಿಸಿ ನಾಲ್ಕು ಚಕ್ರಕ್ಕೆ ಹಾಕಿಕೋ. ಎಳೆತದ ಸಾಲನ್ನೂ ಇಲ್ಲೇ ಹಾಕಿಬಿಡು” ಎಂದರು.

“ಬೇಕಾದಾಗ ಹಾಕಿದರಾಯಿತು ತಾತ. ಓಡ್ತಾನೇ ಹಾಕಬಹುದಲ್ಲ.”

ಬೇಕಾದ ಕಾಲ ಬೇಗನೆಯೇ ಬಂದಿತು. ಮೂವತ್ತು ಗಜ ಹೋಗುವಷ್ಟರಲ್ಲಿ ಹಿಂದಿನ ಚಕ್ರಗಳು ಜೇಡಿಯಲ್ಲಿ ಸುಮ್ಮನೆ ಸುತ್ತತೊಡಗಿದವು. ಆಗ ಅವನು ಲಿವರನ್ನು ಎಳೆದ. ಗರ್ರೆಂದು ಸದ್ದಾಯಿತು. ಓಡುತ್ತಲೇ ಹಾಕಬಹುದೆಂಬುದೇನೋ ನಿಜ. ಆದರೆ ಹಿಂದಿನ ಚಕ್ರ ನಿಂತಲ್ಲಿಯೇ ಗಿರಗಿರನೆ ಸುತ್ತುತ್ತಿರುವಾಗ, ಮುಂದಿನದು ಅಲುಗದೆ ನಿಂತಿರುವಾಗ, ಎರಡರ ವೇಗ ಒಂದೆಂಬ ಕರಾರೇ ಮುರಿದುಬಿದ್ದಿರುತ್ತದೆ. ಕೆಸರಿಗೆ ಇಳಿಯುವ ಮುಂಚೆ ಹಾಕಬೇಕಾದದ್ದನ್ನು ಕೆಸರಿನಲ್ಲಿ ಹಾಕಿದರೆ ಬಳೆಯೂ ಸೋಲುತ್ತದೆ. ರಾಯರು “ಕಾಲು ತೆಗಿ” ಎಂದರು. ಆಕ್ಸಿಲರೇಟರಿನಿಂದ ಕಾಲು ಎದ್ದಿತು, ಚಕ್ರ ನಿಂತಿತು, ಹಲ್ಲು ಕೂಡಿತು. ಗಾಡಿ ನಾಲ್ಕು ಕಾಲಿನಲ್ಲೂ ತೆವಳಿ ಅರ್ಧ ಏರನ್ನು ಹತ್ತಿತು. ಅಲ್ಲಿ ದಾರಿ ಇನ್ನೂ ಕಡಿದಾಯಿತು. ಎಂಜಿನು ಏದುಸಿರು ಬಿಟ್ಟು ನಿಂತಿತು.

ಈಗ 4 ಎಲ್ ಅನ್ನು ಹಾಕದೆ ಗತ್ಯಂತರವಿರಲಿಲ್ಲ. ಇದಕ್ಕೆ ಮಾತ್ರ ಓಡುತ್ತ ಹಾಕುವ ಸೌಕರ್ಯ ಸಾಮಾನ್ಯವಾಗಿ ಇಂದಿಗೂ ಇಲ್ಲ. ಎಳೆತದ ಸಾಲಿನಲ್ಲಿ ಎಂಜಿನು, ಅದೇ ಚಕ್ರದ ವೇಗಕ್ಕೆ, ಎರಡರಿಂದ ಎರಡೂವರೆ ಪಟ್ಟು ಹೆಚ್ಚು ತಿರುಗಬೇಕು. ರಾಯರ ಜೀಪಿನ ಮಾದರಿಯಲ್ಲಿ ಮೊದಲನೆಯ ಗೇರನ್ನೂ ಎಳೆತದ ಸಾಲನ್ನೂ ಕೂಡಿಸಿದರೆ ಚಕ್ರ ಒಂದು ಸುತ್ತು ಬರಲು ಎಂಜಿನು ಸುಮಾರು 37 ಸುತ್ತು ಬರಬೇಕಾಗುತ್ತಿತ್ತು. ಬಸ್ಸು ಎರಡೂವರೆ ಪಟ್ಟು ವೇಗದಲ್ಲಿ ಹೋಗುತ್ತಿರುವಾಗ ಯಾವ ಕಾಲು ತಾನೆ ಅದರ ಜೊತೆ ಓಡೀತು? ಆದುದರಿಂದ ಗಾಡಿಯನ್ನು ನಿಲ್ಲಿಸಿ, ಇಲ್ಲವೆ ನಡಿಗೆಯ ವೇಗಕ್ಕೆ ಇಳಿಸಿ ಹಾಕಬೇಕು. ನಿಲ್ಲಿಸುವುದಾದರೆ ಸಮನೆಲದಲ್ಲಿ ನಿಲ್ಲಿಸಬೇಕೆಂಬುದೇ ಇದರ ಮರ್ಮ. ಏಕೆಂದರೆ 4 ಎಚ್‌ನಿಂದ 4 ಎಲ್‌ಗೆ ಹೋಗುವ ದಾರಿ ಆ ಎನ್ ಎಂಬ ಯಾರಿಗೂ ಸೇರದ ಜಾಗದ ಮೂಲಕವೇ. ಲಿವರು ಅಲ್ಲಿ ಸಿಕ್ಕಿಕೊಂಡಿತೆಂದರೆ ಎಂಜಿನಿಗೂ ನಾಲ್ಕು ಚಕ್ರಗಳಿಗೂ ಸಂಬಂಧವೇ ಕಡಿದುಹೋಗುತ್ತದೆ. ಮೊದಲನೆಯ ಗೇರಿನಲ್ಲಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಮೊಮ್ಮಗ ಕ್ಲಚ್ಚನ್ನೂ ಬ್ರೇಕನ್ನೂ ಒತ್ತಿ ಲಿವರನ್ನು ಎಳೆದ. ಅದು ಅರ್ಧಕ್ಕೆ ಬಂದು ನಿಂತಿತು. ಹಲ್ಲಿನ ತುದಿಗೆ ಹಲ್ಲಿನ ತುದಿ ತಾಗಿತ್ತು. ಬಂದಿತೆಂದೇ ಅವನು ತಿಳಿದ. ಮೊದಲನೆಯ ಗೇರು ಹಾಕಿ, ಕ್ಲಚ್ಚು ಬಿಟ್ಟು, ಬ್ರೇಕಿನಿಂದ ಕಾಲು ತೆಗೆದು ಆಕ್ಸಿಲರೇಟರನ್ನು ಒತ್ತಿದ. ಎಂಜಿನು ಹಗುರವಾಗಿ ಭೋರಿಟ್ಟಿತು.

ಆ ಹಗುರವನ್ನು ಮೊದಲು ಕೇಳಿದವರು ರಾಯರು. ಹೊರೆಯಿಲ್ಲದ ಎಂಜಿನಿನ ಸದ್ದು ಅವರಿಗೆ ನಲವತ್ತು ವರ್ಷಗಳ ಪರಿಚಯ. ಗಾಡಿ ಹಿಂದಕ್ಕೆ ಒಂದು ಗೇಣು ಸರಿಯುವುದಕ್ಕೆ ಮುಂಚೆಯೇ ಅವರ ಕೈ ಹ್ಯಾಂಡ್ ಬ್ರೇಕಿನ ಮೇಲಿತ್ತು. “ಬ್ರೇಕು!” ಎಂದು ಕೂಗಿ ಅದನ್ನು ಎಳೆದರು. ಅಷ್ಟರಲ್ಲಿ ಗಾಡಿ ಎರಡು ಮೂರು ಗಜ ಜಾರಿತ್ತು. ಹಿಂದೆ ಹದಿನೈದು ಗಜದಲ್ಲಿ ದಾರಿಯ ತಿರುವು. ತಿರುವಿನ ಅಂಚಿಗೆ ಮೋರಿ. ಮೋರಿಯ ಆಚೆ ಏಲಕ್ಕಿಯ ಕಣಿವೆ. ಹುಡುಗನ ಕಾಲೂ ಬ್ರೇಕಿಗೆ ಬಂದಿತು. ಗಾಡಿ ನಿಂತಿತು. ಹಿಂದಿನ ಸೀಟಿನಲ್ಲಿ ಡಬ್ಬಿಯೊಂದು ಉರುಳಿ ಕೋಡುಬಳೆಗಳು ಚೆಲ್ಲಿದ ಸದ್ದಲ್ಲದೆ ಬೇರೆ ಸದ್ದಿರಲಿಲ್ಲ.

“ಬ್ರೇಕು ಬಿಡಬೇಡ,” ಎಂದರು ರಾಯರು. ಧ್ವನಿ ಸಮವಾಗಿತ್ತು. “ಗೇರು ಮೊದಲನೆಯದರಲ್ಲೇ ಇರಲಿ. ಕ್ಲಚ್ಚನ್ನು ಒಂದಿಷ್ಟು ಬಿಡು. ಒಳಗೆ ಹಲ್ಲು ತುಸು ತಿರುಗಲಿ. ಸಾಕು. ಈಗ ಪೂರ್ತಿ ಒತ್ತು. ಲಿವರು ಎಳಿ.”

ಕಟಕ್ಕೆಂದು ಕೂಡಿತು. ಗಾಡಿ ಮುದಿ ಎತ್ತಿನಂತೆ, ಒಂದೊಂದೇ ಹೆಜ್ಜೆ ಇಟ್ಟು, ಏರನ್ನು ಹತ್ತಿ ತೋಟದ ಅಂಗಳದಲ್ಲಿ ನಿಂತಿತು.

ಆ ಸಂಜೆ ಹುಡುಗ ಊಟ ಮಾಡಲಿಲ್ಲ. ಅಂಗಳದ ಕಟ್ಟೆಯ ಮೇಲೆ ಒಬ್ಬನೇ ಕುಳಿತಿದ್ದ. ರಾಯರು ಬಂದು ಪಕ್ಕದಲ್ಲಿ ಕುಳಿತರು. ಬಹಳ ಹೊತ್ತಿನ ಮೇಲೆ, ಐವತ್ತು ವರ್ಷ ಯಾರಿಗೂ ಹೇಳದಿದ್ದ ಮಾತೊಂದನ್ನು ಹೇಳಿದರು. 1974ರ ಮಳೆಗಾಲದಲ್ಲಿ, ಇದೇ ಏರಿನಲ್ಲಿ, ಆ ಜೀಪನ್ನು ಅವರೂ ಹೀಗೆಯೇ ಯಾರಿಗೂ ಸೇರದ ಜಾಗದಲ್ಲಿ ಬಿಟ್ಟಿದ್ದರು. ಅದು ಮೋರಿಯವರೆಗೂ ಜಾರಿತ್ತು. ಆ ಮಾದರಿಯಲ್ಲಿ ಹ್ಯಾಂಡ್ ಬ್ರೇಕು ಚಕ್ರಗಳನ್ನಲ್ಲ, ಹಿಂದಿನ ಶಾಫ್ಟನ್ನೇ ಹಿಡಿಯುತ್ತಿತ್ತು. ಆ ಜಾಗದ ಈಚೆಗೆ ಇದ್ದುದರಿಂದ ಅದೊಂದು ಹಿಡಿಯಿತು, ಉಳಿದೆವು.

“ಅಜ್ಜಿಗೆ ಗೊತ್ತಾ?” ಎಂದ ಹುಡುಗ.

“ಇಲ್ಲ. ಹತ್ತಲು ಓಟ ಬೇಕೆಂದು ಬೇಕಂತಲೇ ಹಿಂದಕ್ಕೆ ಬಿಟ್ಟೆ ಎಂದಿದ್ದೆ.”

ಒಳಗಿನಿಂದ ತಟ್ಟೆಯಲ್ಲಿ ಮೊಸರನ್ನ ಹಿಡಿದು ಬರುತ್ತಿದ್ದ ಅಜ್ಜಿ ಬಾಗಿಲಲ್ಲಿ ನಿಂತರು. “ಅಂದು ಹಿಂದಿನ ಸೀಟಿನಲ್ಲಿ ಇವನಪ್ಪನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದವಳು ನಾನೇ ಅಲ್ಲವೇನ್ರೀ? ಓಟಕ್ಕೆಂದು ಹಿಂದಕ್ಕೆ ಬಿಡುವವರು ‘ನರಸಿಂಹಾ’ ಎಂದು ಕೂಗುತ್ತಾರೆಯೇ?” ಎಂದು ತಟ್ಟೆಯನ್ನು ಮೊಮ್ಮಗನ ಕೈಗಿಟ್ಟು ಒಳಗೆ ಹೋದರು.

ರಾಯರು ಬಾಗಿಲನ್ನೇ ನೋಡುತ್ತ ಕುಳಿತರು. ಹುಡುಗ ಮೊಸರನ್ನವನ್ನು ಕಲಸಿದ.

ವಿಮಾನಪುರಕ್ಕೆ ಮರಳಿದ ಸೋಮವಾರ ಗುಜರಿಯವನು ಹಗ್ಗವನ್ನೂ ಇಬ್ಬರು ಆಳುಗಳನ್ನೂ ಕರೆದುಕೊಂಡು ಬಂದ. ಮೊಮ್ಮಗ ಅವನ ಐದು ಸಾವಿರವನ್ನು ಹಿಂದಕ್ಕೆ ಕೊಟ್ಟ. ಆಳುಗಳ ಕೂಲಿ ಯಾರು ಕೊಡುತ್ತಾರೆಂದು ಅವನು ಗಲಾಟೆ ಮಾಡಿದ. ಅದು ನ್ಯಾಯವಾದ ಪ್ರಶ್ನೆಯೇ ಆದುದರಿಂದ ಅದನ್ನೂ ಕೊಟ್ಟದ್ದಾಯಿತು. ಹೊಸ ಗಾಡಿ ಬೀದಿಯ ಹೊಂಗೆಮರದ ಕೆಳಗೆ ನಿಂತು ಹಕ್ಕಿಗಳ ಹಿಕ್ಕೆಯನ್ನು ಸಹಿಸಿಕೊಳ್ಳಬೇಕಾಯಿತು. ಬೆಕ್ಕಿನ ಸಂಸಾರವನ್ನು ಸಕ್ಕರೆಯ ಮೂಟೆಯ ಗೋಣಿಯೊಂದಕ್ಕೆ ವರ್ಗ ಮಾಡಿದರು. ಬ್ಯಾಟರಿಗೂ ಬ್ರೇಕಿನ ರಬ್ಬರುಗಳಿಗೂ ಮೂರು ವಾರ ಹಿಡಿಯಿತು.

ಒಂದು ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಜೀಪು ಮತ್ತೆ ಉಸಿರಾಡಿತು. ಅದರ ಮೊದಲನೆಯ ಗೇರಿಗೆ ಬಳೆಯಿಲ್ಲ. ಗಾಡಿ ಉರುಳುತ್ತಿರುವಾಗ ಎರಡರಿಂದ ಒಂದಕ್ಕೆ ಇಳಿಯಬೇಕಾದರೆ ಕ್ಲಚ್ಚು ಒತ್ತಿ ಗೇರು ಬಿಡಿಸಿ, ಕ್ಲಚ್ಚು ಬಿಟ್ಟು ಎಂಜಿನನ್ನು ಕೊಂಚ ಏರಿಸಿ, ಮತ್ತೆ ಕ್ಲಚ್ಚು ಒತ್ತಿ, ಎರಡೂ ವೇಗಗಳು ಒಂದನ್ನೊಂದು ಮುಟ್ಟುವ ಕ್ಷಣದಲ್ಲಿ ಹಾಕಬೇಕು. ಗಲ್ಲಿಯ ಈ ತುದಿಯಿಂದ ಆ ತುದಿಗೆ ಮೊಮ್ಮಗ ಜೀಪನ್ನು ಓಡಿಸಿದ. ರಾಯರು ಪಕ್ಕದ ಸೀಟಿನಲ್ಲಿ ಕಣ್ಣು ಮುಚ್ಚಿ ಕುಳಿತಿದ್ದರು. ಒಂದು ಸಲ ಗರ್ರೆಂದಿತು. ಎರಡನೆಯ ಸಲವೂ ಗರ್ರೆಂದಿತು. ಮೂರನೆಯ ಸಲ, ಮನೆಯ ಮುಂದೆ ಬರುವಾಗ, ಹುಡುಗನ ಕೈ ಲಿವರನ್ನು ಹಿಡಿದು ದೂಡಲು ಹೊರಟಿತು.

ರಾಯರು ಬಾಯಿ ತೆರೆಯುವಷ್ಟರಲ್ಲಿ ಅಡುಗೆಮನೆಯ ಕಿಟಕಿಯಿಂದ ಅಜ್ಜಿಯ ಧ್ವನಿ ಬಂದಿತು:

“ಅವಸರ ಕಣೋ! ಇನ್ನೊಂದು ಚೂರು ತಾಳು... ಹ್ಞಾಂ, ಈಗ ಹಾಕು.”